ಗಾಡಿ ಎಲ್ಲಿ ನಿಲ್ಲುತ್ತದೆ?

ಅಮೆರಿಕದ ಯೂಟಾ ರಾಜ್ಯದಲ್ಲಿ ವರ್ನಲ್ ಎಂಬ ಸಣ್ಣ ಊರಿದೆ. ಅದರ ಮುಖ್ಯಬೀದಿಯ ಮೂಲೆಯಲ್ಲಿ ಇಟ್ಟಿಗೆಯ ಬ್ಯಾಂಕ್ ಕಟ್ಟಡವೊಂದು ನೂರು ವರ್ಷ ದಾಟಿಯೂ ಗಟ್ಟಿಮುಟ್ಟಾಗಿ ನಿಂತಿದೆ. ಹೊರಗಿನಿಂದ ನೋಡಿದರೆ ಅಂಥ ವಿಶೇಷವೇನೂ ಕಾಣುವುದಿಲ್ಲ. ಆದರೆ ಅದರ ಇಟ್ಟಿಗೆ ಊರಿಗೆ ಬಂದದ್ದು ಅಂಚೆಯಲ್ಲಿ. ಕಾಗದ ಪತ್ರ, ಮನಿಯಾರ್ಡರ್ ಬರುವ ಅದೇ ಅಂಚೆಯಲ್ಲಿ! ಇಟ್ಟಿಗೆಗಳನ್ನು ಕಾಗದದಲ್ಲಿ ಸುತ್ತಿ, ಮರದ ಪೆಟ್ಟಿಗೆಗೆ ತುಂಬಿ, ಅಂಚೆ ವೆಚ್ಚ ಕಟ್ಟಿ ಕಳಿಸಿದ್ದರು.

1916ರ ಮಾತು. ಡಬ್ಲ್ಯು. ಎಚ್. ಕೋಲ್ಟಾರ್ಪ್ ಎಂಬ ಸ್ಥಳೀಯ ವ್ಯಾಪಾರಿ ವರ್ನಲ್‌ನ ಬ್ಯಾಂಕಿಗಾಗಿ ಒಂದು ಒಳ್ಳೆಯ ಕಟ್ಟಡ ಕಟ್ಟಿಸಲು ಹೊರಟ. ಅವನಿಗೆ ಬೇಕಿದ್ದ ಇಟ್ಟಿಗೆ ಸಿಗುತ್ತಿದ್ದದ್ದು ಸಾಲ್ಟ್ ಲೇಕ್ ಸಿಟಿಯಲ್ಲಿ. ಸರಕು ಸಾಗಿಸುವ ಕುದುರೆ ಗಾಡಿಯವರನ್ನು ವಿಚಾರಿಸಿದರೆ, ಅವರು ಹೇಳಿದ ಬಾಡಿಗೆ ಇಟ್ಟಿಗೆಯ ಬೆಲೆಯ ನಾಲ್ಕು ಪಟ್ಟು! ಆಗ ಅವನು ಅಂಚೆ ಇಲಾಖೆಯ ದರಪಟ್ಟಿ ಬಿಚ್ಚಿದ. ಪಾರ್ಸೆಲ್ ಅಂಚೆ ಶುರುವಾಗಿ ಆಗಿನ್ನೂ ಮೂರೇ ವರ್ಷ. ಅದರ ದರ ನಿಗದಿಯಾಗುತ್ತಿದ್ದದ್ದು ನಕ್ಷೆಯ ಮೇಲೆ ದಾರ ಹಿಡಿದಂತೆ ನೇರವಾಗಿ ಅಳೆದ ದೂರಕ್ಕೆ. ಆ ಲೆಕ್ಕದಲ್ಲಿ ಸಾಲ್ಟ್ ಲೇಕ್‌ನಿಂದ ವರ್ನಲ್ 150 ಮೈಲಿಯೊಳಗಿನ ಅಗ್ಗದ ವಲಯಕ್ಕೆ ಬರುತ್ತಿತ್ತು. ಆ ವಲಯದಲ್ಲಿ 50 ಪೌಂಡ್, ಅಂದರೆ ಸುಮಾರು 23 ಕಿಲೋ ತೂಕದವರೆಗಿನ ಪಾರ್ಸೆಲ್‌ಗೆ ಅನುಮತಿಯಿತ್ತು. ಕೋಲ್ಟಾರ್ಪ್ ಆ ಮಿತಿ ಮೀರದಂತೆ ಪೆಟ್ಟಿಗೆ ಕಟ್ಟಿಸಿದ.

ನಕ್ಷೆಯ ಮೇಲಿನ ದಾರ ಒಂದು, ನೆಲದ ಮೇಲಿನ ದಾರಿ ಇನ್ನೊಂದು. ನಡುವೆ ಬೆಟ್ಟ ಅಡ್ಡ ಇದ್ದುದರಿಂದ ಇಟ್ಟಿಗೆಗಳು ಸಾಲ್ಟ್ ಲೇಕ್‌ನಲ್ಲಿ ರೈಲು ಹತ್ತಿ ಪಕ್ಕದ ಕೊಲೊರಾಡೊ ರಾಜ್ಯದ ಮ್ಯಾಕ್ ಎಂಬ ನಿಲ್ದಾಣಕ್ಕೆ ಹೋಗಬೇಕಿತ್ತು. ಅಲ್ಲಿ ಇಳಿದು ಯುಯಿಂಟಾ ಎಂಬ ಕಿರುಹಳಿಯ ರೈಲಿನಲ್ಲಿ ಬೆಟ್ಟ ಹತ್ತಿಳಿದು ವಾಟ್ಸನ್ ತಲುಪಬೇಕು. ವಾಟ್ಸನ್‌ನಲ್ಲಿ ಹಳಿ ಮುಗಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಕುದುರೆ ಗಾಡಿಯೇ ಗತಿ. ಒಟ್ಟು 400 ಮೈಲಿಗೂ ಹೆಚ್ಚಿನ ಸುತ್ತು. ಹಾಗಿದ್ದೂ ಅಂಚೆಯ ವೆಚ್ಚ ಗಾಡಿ ಬಾಡಿಗೆಯ ಸುಮಾರು ಅರ್ಧದಷ್ಟಾಯಿತು. ಮಿಕ್ಕ ಭಾರ ಬಿದ್ದದ್ದು ಸರ್ಕಾರದ ಖಜಾನೆಯ ಮೇಲೆ. ಟನ್‌ಗಟ್ಟಲೆ ಇಟ್ಟಿಗೆ ಬಂದು ಬೀಳತೊಡಗಿದಾಗ ಅಂಚೆಯವರು ಕಂಗಾಲಾದರು. ಒಬ್ಬ ಕಳುಹಿಸುವವ ಒಬ್ಬ ಪಡೆಯುವವನಿಗೆ ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳಿಸಕೂಡದು ಎಂದು ಇಲಾಖೆ ಅವಸರವಸರವಾಗಿ ನಿಯಮ ತಿದ್ದಿತು. ಕಟ್ಟಡವಂತೂ ಎದ್ದಿತು.

ಅಮೆರಿಕನ್ನರು ಈ ಪ್ರಸಂಗವನ್ನು ಕಿಲಾಡಿ ವ್ಯಾಪಾರಿಯೊಬ್ಬನ ತಮಾಷೆಯಾಗಿ ಹೇಳಿ ನಗುತ್ತಾರೆ. ನಕ್ಕು ಮುಗಿದ ಮೇಲೆ ಉಳಿಯುವ ಲೆಕ್ಕ ಮಾತ್ರ ಗಂಭೀರವಾದದ್ದು. ಸಣ್ಣ ಊರಿನ ಪೇಟೆ ಏಳುವುದೂ ಸೊರಗುವುದೂ ಅಂಗಡಿಯವನ ಜಾಣ್ಮೆಯೊಂದರಿಂದಲೇ ಆಗುವುದಿಲ್ಲ. ಸರಕು ಹೊತ್ತ ಗಾಡಿ ಎಲ್ಲಿ ನಿಲ್ಲುತ್ತದೆ, ಅದರ ಬಾಡಿಗೆಯನ್ನು ಯಾರು ತೆರುತ್ತಾರೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಇದನ್ನು ತೀರ್ಮಾನಿಸುವವರು ಬಹುಮಟ್ಟಿಗೆ ಪೇಟೆಯಿಂದ ದೂರದಲ್ಲಿ ಕೂತವರು.

ವರ್ನಲ್‌ಗೆ ರೈಲು ಬರಲೇ ಇಲ್ಲ. 1883ರಲ್ಲಿ ಪ್ರೈಸ್ ಎಂಬ ಊರಿನವರೆಗೆ ಹಳಿ ಬಿತ್ತು. 1886ರಲ್ಲಿ ಸೈನ್ಯದ ಕರಿಯ ಸಿಪಾಯಿಗಳ ದಳವೊಂದು ಅಲ್ಲಿಂದ ವರ್ನಲ್ ಸೀಮೆಯತ್ತ ನೈನ್ ಮೈಲ್ ಕಣಿವೆಯ ಮೂಲಕ ರಸ್ತೆ ಕಡಿಯಿತು. ಮುಂದಿನ ಇಪ್ಪತ್ತು ವರ್ಷ ಆ ಸೀಮೆಯ ಹಿಟ್ಟು, ಸಕ್ಕರೆ, ಮೊಳೆ, ಬಟ್ಟೆ, ಒಲೆ, ಕನ್ನಡಿ ಎಲ್ಲವೂ ಹೆಚ್ಚಾಗಿ ಬಂದದ್ದು ಆ ಕಣಿವೆಯ ದೂಳಿನಲ್ಲೇ. ನಾಲ್ಕೋ ಆರೋ ಕುದುರೆ, ಒಂದರ ಹಿಂದೊಂದು ಕಟ್ಟಿದ ಎರಡು ಗಾಡಿ, ಜೊತೆಗೊಬ್ಬ ಗಾಡಿಯವ. ಕಡಿದಾದ ಏರು ಬಂದರೆ ಹಿಂದಿನ ಗಾಡಿಯನ್ನು ಬಿಚ್ಚಿ ಕೆಳಗೇ ನಿಲ್ಲಿಸಿ, ಮುಂದಿನದನ್ನು ಎಳೆದು ಮೇಲೆ ಬಿಟ್ಟು, ಕುದುರೆಗಳನ್ನು ಮತ್ತೆ ಕೆಳಗಿಳಿಸಿ ಎರಡನೆಯದನ್ನು ಎಳೆಯಬೇಕು. ಹೀಗಾಗಿ ಏರನ್ನು ಎರಡೆರಡು ಸಲ ಹತ್ತುವುದು ಮಾಮೂಲು.

ಬಂದ ಗಾಡಿ ಬರಿದೇ ಹಿಂದಿರುಗಿದರೆ ಗಾಡಿಯವನಿಗೆ ಗಿಟ್ಟುವುದಿಲ್ಲ. ಆ ಸೀಮೆಯಲ್ಲಿ ಗಿಲ್ಸೊನೈಟ್ ಎಂಬ, ಕಪ್ಪು ಗಾಜಿನ ಹಾಗೆ ಹೊಳೆಯುವ ಡಾಂಬರಿನಂಥ ಖನಿಜ ಸಿಗುತ್ತಿತ್ತು. ಬಣ್ಣ, ವಾರ್ನಿಷ್ ತಯಾರಕರಿಗೆ ಅದು ಬೇಕಿತ್ತು. ಹೋಗುವಾಗ ಅದರ ಮೂಟೆ, ಬರುವಾಗ ಅಂಗಡಿಯ ಸಾಮಾನು. ಮುಂದೆ ಇದೇ ಸೀಮೆಯ ಗಾಡಿಗಳಿಗೆ ಇನ್ನೊಂದು ವಿಚಿತ್ರ ಹೊರೆಯೂ ಸಿಕ್ಕಿತು. 1909ರಲ್ಲಿ ವರ್ನಲ್ ಹತ್ತಿರ ಅರ್ಲ್ ಡಗ್ಲಾಸ್ ಎಂಬ ವಿಜ್ಞಾನಿ ಡೈನೋಸಾರ್ ಎಲುಬಿನ ದೊಡ್ಡ ರಾಶಿಯನ್ನೇ ಪತ್ತೆಹಚ್ಚಿದ. ಆ ಕಲ್ಲೆಲುಬುಗಳನ್ನು ಪೆಟ್ಟಿಗೆಗಳಲ್ಲಿ ಬಿಗಿದು ರೈಲಿನವರೆಗೆ ಎಳೆದು ತಲುಪಿಸಿದ್ದು ಕುದುರೆಗಳೇ. ಪಿಟ್ಸ್‌ಬರ್ಗ್‌ನ ಕಾರ್ನೆಗಿ ವಸ್ತುಸಂಗ್ರಹಾಲಯದಲ್ಲಿ ಮಕ್ಕಳು ಬಾಯಿ ಬಿಟ್ಟು ನೋಡುವ ಅಸ್ಥಿಪಂಜರದ ಮೊದಲ ಪಯಣ ಸರಕಿನ ಗಾಡಿಯಲ್ಲಿ ಆದದ್ದು.

ಆ ಗಾಡಿಯವರ ಗುರುತು ಬೋರ್ಡಿನಲ್ಲಿ, ಶಿಲಾಫಲಕದಲ್ಲಿ ಸಿಗುವುದು ಅಪರೂಪ. ನೈನ್ ಮೈಲ್ ಕಣಿವೆಯ ಬಂಡೆಗಳ ಮೇಲೆ ಮಾತ್ರ ಅವರಲ್ಲಿ ಕೆಲವರ ಹೆಸರು, ಇಸವಿ ಇಂದಿಗೂ ಕಾಣುತ್ತದೆ. ರಾತ್ರಿ ತಂಗಿದಾಗ ಗಾಡಿಯ ಅಚ್ಚಿಗೆ ಬಳಿಯುವ ಕೀಲೆಣ್ಣೆಯಲ್ಲಿ ಬೆರಳದ್ದಿ ಬರೆದ ಹೆಸರುಗಳವು.

ರೈಲು ಬಂದ ಊರುಗಳಲ್ಲೂ ಕುದುರೆಯ ಕೆಲಸ ತಪ್ಪಲಿಲ್ಲ. ರೈಲು ನಿಲ್ದಾಣಕ್ಕೂ ಅಂಗಡಿಗೂ ನಡುವೆ ಅರ್ಧ ಮೈಲಿಯೋ ಒಂದು ಮೈಲಿಯೋ ದೂರ ಇದ್ದೇ ಇರುತ್ತಿತ್ತು. ಸಾವಿರ ಮೈಲಿ ಬಂದ ಸರಕು ಆ ಕೊನೆಯ ಮೈಲಿಯಲ್ಲಿ ಊರಿನ ಗಾಡಿಯವನ ಕೈ ಕಾಯಬೇಕು. ಅವನ ಗಾಡಿಗೆ ಡ್ರೇ ಎಂದು ಹೆಸರು. ತಳ ನೆಲಕ್ಕೆ ಹತ್ತಿರ. ಭಾರದ ಪೀಪಾಯಿಯನ್ನು ಎತ್ತದೆ ಉರುಳಿಸಿಯೇ ಹತ್ತಿಸಲಿ ಎಂದು ಆ ಏರ್ಪಾಟು. ಆಗ ಹಿಟ್ಟಿನ ಪೀಪಾಯಿಯ ಮಾಮೂಲು ತೂಕ 196 ಪೌಂಡ್, ಅಂದರೆ 89 ಕಿಲೋ. ಸರಿಸುಮಾರು ನಮ್ಮ ಕಡೆಯ ಒಂದು ಕ್ವಿಂಟಲ್ ಮೂಟೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದವನು ಮೊದಲು ಮಾಡುತ್ತಿದ್ದ ಕೆಲಸ ಕಬ್ಬಿಣದ ಗುಂಡೊಂದನ್ನು ಬೀದಿಗೆ ಇಳಿಸುವುದು. ಗುಂಡಿಗೆ ಚರ್ಮದ ಪಟ್ಟಿ, ಪಟ್ಟಿಯ ತುದಿ ಕುದುರೆಯ ಬಾಯಿಪಟ್ಟಿಗೆ. ಅಷ್ಟು ಸಾಕು, ಪಳಗಿದ ಕುದುರೆ ಕದಲುತ್ತಿರಲಿಲ್ಲ. ಸಾಮಾನು ಇಳಿಸಿ, ರಸೀದಿಗೆ ಸಹಿ ಹಾಕಿಸಿಕೊಂಡು, ಗುಂಡನ್ನು ಗಾಡಿಗೆಸೆದು ಮುಂದಿನ ಅಂಗಡಿ.

ಈ ಒಂದು ಗಾಡಿಯ ಸುತ್ತ ಎಷ್ಟು ಮಂದಿಯ ಅನ್ನ! ಬಾಡಿಗೆಗೆ ಕುದುರೆ ಕೊಡುವ ಲಾಯ, ಲಾಳ ಹೊಡೆಯುವ ಕಮ್ಮಾರಸಾಲೆ, ಗಾಲಿ ಕಟ್ಟುವ ಬಡಗಿ, ಲಗಾಮು ಜೀನು ಹೊಲಿಯುವವನ ಅಂಗಡಿ, ಓಟ್ಸ್ ಮತ್ತು ಒಣಹುಲ್ಲಿನ ಮಳಿಗೆ, ಗಾಡಿಯವರು ಉಂಡು ಮಲಗುವ ಹೋಟೆಲು, ಕುಡಿಯುವವರಿಗೆ ಸೆಲೂನು. ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತ ಅದೇ ದಿನ ಮನೆ ಸೇರಬೇಕಿದ್ದರೆ ಹತ್ತು ಹದಿನೈದು ಮೈಲಿಗಿಂತ ಆಚೆ ಹೋಗುವಂತಿರಲಿಲ್ಲ. ಆ ಕಾರಣಕ್ಕೇ ಅಮೆರಿಕದ ಬಯಲುಸೀಮೆಯಲ್ಲಿ ಅಷ್ಟಷ್ಟು ದೂರಕ್ಕೊಂದು ಊರು, ಊರಿಗೊಂದು ಮುಖ್ಯಬೀದಿ. ಕುದುರೆಯ ಕಾಲಿನ ಅಳತೆ ಊರಿನ ಅಳತೆಯಾಯಿತು.

ಆ ಕಾಲು ಸೋತರೆ ಏನಾಗುತ್ತದೆಂದು 1872ರಲ್ಲಿ ಗೊತ್ತಾಯಿತು. ಕೆನಡಾದ ಟೊರಾಂಟೊ ಕಡೆ ಶುರುವಾದ ಕುದುರೆ ಜ್ವರ ಕೆಲವೇ ತಿಂಗಳಲ್ಲಿ ಅಮೆರಿಕದ ಉದ್ದಗಲಕ್ಕೆ ಹಬ್ಬಿತು. ಸತ್ತ ಕುದುರೆಗಳು ಕಡಿಮೆ. ಆದರೆ ಕೆಮ್ಮುತ್ತ ಲಾಯದಲ್ಲಿ ಮಲಗಿದ ಕುದುರೆಗಳಿಂದಾಗಿ ಪೇಟೆಗಳೇ ಮಲಗಿದವು. ರೈಲು ಓಡುತ್ತಿತ್ತು, ನಿಲ್ದಾಣದಲ್ಲಿ ಸರಕು ಗುಡ್ಡೆ ಬಿದ್ದಿತ್ತು, ಅಂಗಡಿಗೆ ತಂದು ಹಾಕುವವರಿರಲಿಲ್ಲ. ನವೆಂಬರ್ 9ರ ರಾತ್ರಿ ಬೋಸ್ಟನ್‌ಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ಯಂತ್ರಗಳನ್ನು ಮನುಷ್ಯರೇ ಎಳೆದುಕೊಂಡು ಓಡಬೇಕಾಯಿತು. ಆ ನಗರದ ವ್ಯಾಪಾರಿ ಕೇರಿಯ ಏಳುನೂರಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು.

ಹಾಗೆಂದು ಕುದುರೆಯ ಕಾಲವೇ ಚೆಂದ ಎಂದು ಹಲುಬಬೇಕಿಲ್ಲ. ಬೀದಿ ತುಂಬ ಲದ್ದಿ, ಮೂತ್ರ, ನೊಣ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು. ಹೊರೆ ಎಳೆದು ಎಳೆದು ಕುಸಿದ ಪ್ರಾಣಿಗಳ ಪಾಡು ನೋಡಲಾಗದೆ 1866ರಲ್ಲಿ ಹೆನ್ರಿ ಬರ್ಗ್ ನ್ಯೂಯಾರ್ಕಿನಲ್ಲಿ ಪ್ರಾಣಿದಯಾ ಸಂಘ ಕಟ್ಟಿದ. ಮುಖ್ಯಬೀದಿಯ ಅಂಗಡಿಯವರೇನೂ ಸಾಧುಗಳಾಗಿರಲಿಲ್ಲ. ಬೇರೆ ದಾರಿ ಇಲ್ಲದ ರೈತನಿಗೆ ಉದ್ರಿ ಕೊಟ್ಟು, ಬಾಯಿಗೆ ಬಂದ ಬೆಲೆ ಹೇಳಿ, ಸುಗ್ಗಿಯಲ್ಲಿ ಲೆಕ್ಕ ತೀರಿಸಿಕೊಳ್ಳುತ್ತಿದ್ದವರು ಬಹಳ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಗಿರಾಕಿಗಳು ಬಿಳಿಯರೆಲ್ಲರ ಸರದಿ ಮುಗಿಯುವವರೆಗೆ ಕಾಯುವ ಅವಮಾನವನ್ನೂ ನುಂಗಬೇಕಿತ್ತು.

ಅವರಿಗೆಲ್ಲ ಬಿಡುಗಡೆಯಂತೆ ಬಂದದ್ದು ಕ್ಯಾಟಲಾಗ್. ಶಿಕಾಗೋದಲ್ಲಿ 1872ರಲ್ಲಿ ಮಾಂಟ್ಗೊಮೆರಿ ವಾರ್ಡ್ ಅಂಚೆ ವ್ಯಾಪಾರ ತೆರೆದ. ಸಿಯರ್ಸ್ ಕಂಪನಿ ಅವನ ಬೆನ್ನಿಗೆ ಬಂತು. ಬೆಲೆ ಅಚ್ಚಾಗಿರುತ್ತಿತ್ತು, ಕೊಳ್ಳುವವನ ಮೈಬಣ್ಣ ಕಾಗದಕ್ಕೆ ಕಾಣುತ್ತಿರಲಿಲ್ಲ. 1896ರಲ್ಲಿ ಹಳ್ಳಿಮನೆಯ ಬಾಗಿಲಿಗೇ ಅಂಚೆ ತಲುಪಿಸುವ ಪ್ರಯೋಗ ಶುರುವಾಯಿತು. 1913ರ ಜನವರಿ 1ರಿಂದ ಪಾರ್ಸೆಲ್ ಅಂಚೆ ಬಂತು. ಸಣ್ಣ ಊರಿನ ವರ್ತಕರು ಅದನ್ನು ತಡೆಯಲು ವರ್ಷಗಟ್ಟಲೆ ಹೋರಾಡಿದ್ದರು. ಕೆಲವೆಡೆ ಕ್ಯಾಟಲಾಗ್ ತಂದುಕೊಟ್ಟವರಿಗೆ ಬಹುಮಾನ ಕೊಟ್ಟು, ಪುಸ್ತಕಗಳನ್ನು ರಾಶಿ ಹಾಕಿ ಬೀದಿಯಲ್ಲಿ ಸುಟ್ಟದ್ದೂ ಉಂಟು. ಪ್ರಯೋಜನವಾಗಲಿಲ್ಲ. 1908ರಿಂದ ಸಿಯರ್ಸ್ ಇಡೀ ಮನೆಯನ್ನೇ ಬಿಡಿಭಾಗಗಳಾಗಿ ರೈಲಿನಲ್ಲಿ ಕಳಿಸತೊಡಗಿತ್ತು.

ಆ ಮರದ ತೊಲೆ, ಕಿಟಕಿ, ಮೊಳೆಯ ಡಬ್ಬಗಳನ್ನು ನಿಲ್ದಾಣದಿಂದ ಎಳೆದೊಯ್ದವನು ಅದೇ ಊರಿನ ಗಾಡಿಯವ. ಕುದುರೆ ಅದೇ, ಗಾಡಿ ಅದೇ. ನಿನ್ನೆಯವರೆಗೆ ದಿನಸಿ ಅಂಗಡಿಯ ಮುಂದೆ ಕಬ್ಬಿಣದ ಗುಂಡು ಇಳಿಸುತ್ತಿದ್ದವನು ಇಂದು ಆ ಅಂಗಡಿಯನ್ನು ದಾಟಿ ನೇರ ರೈತನ ಮನೆಗೆ ಹೋದ. ಮುಖ್ಯಬೀದಿಯ ಸೋಲು ಮೋಟಾರು ಬಂದ ಮೇಲೆ ಶುರುವಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಕುದುರೆಯ ಕಾಲದಲ್ಲೇ, ಗಾಡಿ ನಿಲ್ಲುವ ಜಾಗ ಬದಲಾದ ದಿನವೇ ಶುರುವಾಗಿತ್ತು.

ಆಗ ಕೋಲ್ಟಾರ್ಪ್‌ನ ಜಾಣತನ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. ಮುಖ್ಯಬೀದಿಗೆ ಶೋಭೆ ತರುವ ಕಟ್ಟಡಕ್ಕೆ ಅವನು ಬಳಸಿದ್ದು ಮುಖ್ಯಬೀದಿಯ ಗಿರಾಕಿಗಳನ್ನು ಶಿಕಾಗೋಗೆ ಸಾಗಹಾಕುತ್ತಿದ್ದ ಅದೇ ಅಂಚೆಯನ್ನು. ಅವನ ಇಟ್ಟಿಗೆ ಸಾಗುತ್ತಿದ್ದ 1916ರಲ್ಲೇ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳ ರಸ್ತೆಗೆ ಹಣ ಕೊಡುವ ಕಾಯ್ದೆ ಮಾಡಿತು. ಮರುವರ್ಷ ಫೋರ್ಡ್‌ನ ಅಗ್ಗದ ಟ್ರಕ್ ಬಂತು. ಹತ್ತು ಮೈಲಿಗೇ ದಣಿಯುತ್ತಿದ್ದ ರೈತ ಐವತ್ತು ಮೈಲಿ ಆಚೆಯ ದೊಡ್ಡ ಊರಿಗೆ ಹೋಗಿ ಬರುವಂತಾದ. 1915ರ ಸುಮಾರಿಗೆ ಆ ದೇಶದಲ್ಲಿ 2 ಕೋಟಿಗೂ ಹೆಚ್ಚು ಕುದುರೆಗಳಿದ್ದವು. ಅಲ್ಲಿಂದ ಸಂಖ್ಯೆ ಇಳಿಯುತ್ತಲೇ ಹೋಯಿತು. 1852ರಲ್ಲಿ ಗಾಡಿ ಮಾಡಲು ಹೊರಟ ಸ್ಟುಡೆಬೇಕರ್ ಸಹೋದರರ ಕಂಪನಿ ಕಾರಿಗೆ ಹೊರಳಿ ಬದುಕಿಕೊಂಡಿತು. ಲಾಯದವನು, ಲಾಳದವನು, ಜೀನು ಹೊಲಿಯುವವನು ಎಲ್ಲಿಗೆ ಹೊರಳಬೇಕಿತ್ತು? ಗಾಡಿಯವರು ಮಾತ್ರ 1903ರಲ್ಲೇ ಟೀಮ್‌ಸ್ಟರ್ಸ್ ಎಂಬ ಸಂಘ ಕಟ್ಟಿಕೊಂಡಿದ್ದರು. ಕುದುರೆ ಹೋಗಿ ಲಾರಿ ಬಂದರೂ ಸಂಘ ಉಳಿಯಿತು. ಇಂದು ಅದು ಅಮೆರಿಕದ ಬಲಿಷ್ಠ ಕಾರ್ಮಿಕ ಸಂಘಟನೆಗಳಲ್ಲೊಂದು. ಅದರ ಲಾಂಛನದಲ್ಲಿ ಈಗಲೂ ಎರಡು ಕುದುರೆ ಮುಖ, ಒಂದು ಗಾಲಿ.

ಕುದುರೆ ಗಾಡಿ ಅಂಗಡಿ ಮುಂದೆ ನಿಲ್ಲುವುದು ಪೂರ್ತಿ ನಿಂತೇ ಹೋಯಿತೆ ಎಂದರೆ, ಇಲ್ಲ. ಮಿಶಿಗನ್ ರಾಜ್ಯದ ಮ್ಯಾಕಿನಾ ದ್ವೀಪದಲ್ಲಿ 1898ರಲ್ಲೇ ಮೋಟಾರು ಗಾಡಿಯನ್ನು ನಿಷೇಧಿಸಿದರು. ಸದ್ದಿಗೆ ಕುದುರೆಗಳು ಬೆದರುತ್ತವೆ ಎಂಬುದು ಆಗಿನ ದೂರು. ಆಂಬುಲೆನ್ಸಿನಂಥ ತುರ್ತು ವಾಹನಗಳೂ ಸೇರಿ ಕೆಲವು ವಿನಾಯಿತಿ ಬಿಟ್ಟರೆ ಆ ನಿಷೇಧ ಇವತ್ತಿಗೂ ಇದೆ. ವರ್ಷಪೂರ್ತಿ ಇರುವವರು ಐನೂರರ ಆಸುಪಾಸು. ಬೇಸಿಗೆಯಲ್ಲಿ ಲಕ್ಷಗಟ್ಟಲೆ ಪ್ರವಾಸಿಗರ ಜೊತೆ ನೂರಾರು ಕುದುರೆಗಳೂ ಬಂದಿಳಿಯುತ್ತವೆ. ದೋಣಿಯಿಂದ ಇಳಿದ ತರಕಾರಿ, ಬಿಯರ್, ಹೋಟೆಲಿನ ಬಟ್ಟೆಗಂಟು, ಕೊರಿಯರ್ ಕಂಪನಿಯ ಪಾರ್ಸೆಲ್ ಎಲ್ಲವೂ ಡ್ರೇ ಹತ್ತಿ ಮುಖ್ಯಬೀದಿಗೆ ಹೋಗುತ್ತವೆ. ಅಲ್ಲಿನ ಅಂಗಡಿಗಳು ತುಂಬಿವೆ. ಅದು ಪ್ರವಾಸಿಗರ ದುಡ್ಡಿನಿಂದ ನಡೆಯುವ ದ್ವೀಪ, ಎಲ್ಲ ಊರಿಗೂ ಮಾದರಿಯಾಗದು. ಆದರೆ ಗಾಡಿ ಎಲ್ಲಿ ನಿಲ್ಲಬೇಕೆಂಬುದನ್ನು ಊರೇ ಕೂತು ನಿರ್ಧರಿಸಬಹುದು ಎಂಬುದಕ್ಕೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಹಳೆಯ ಸಾಕ್ಷಿ ಅದು.

ಈ ಲೆಕ್ಕ ಕರ್ನಾಟಕಕ್ಕೆ ಹೊರಗಿನದಲ್ಲ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದಾಗ ಎಲ್ಲರೂ ಎಣಿಸಿದ್ದು ಉಳಿಯುವ ನಿಮಿಷಗಳನ್ನು. ಹಳೆಯ ರಸ್ತೆಯ ಪಕ್ಕದಲ್ಲಿ ಚನ್ನಪಟ್ಟಣದ ಬೊಂಬೆ ಮಾರುತ್ತಿದ್ದವರು, ಮದ್ದೂರಿನಲ್ಲಿ ವಡೆ ಕಟ್ಟಿಕೊಡುತ್ತಿದ್ದವರು ಎಣಿಸಿದ್ದು ಬಾರದ ಗಿರಾಕಿಗಳನ್ನು. ಪ್ರಯಾಣ ಬೇಗ ಮುಗಿಯುವುದು ಒಳ್ಳೆಯದೇ. ಅದಕ್ಕೆ ಬೆಲೆ ತೆತ್ತವರ ಲೆಕ್ಕ ಯೋಜನೆಯ ಕಡತದಲ್ಲಿ ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ಬೆಂಗಳೂರಿನ ಬಡಾವಣೆಗಳಲ್ಲಿ ಹತ್ತು ನಿಮಿಷದಲ್ಲಿ ಹಾಲು ತರುವ ಹುಡುಗನ ಸ್ಕೂಟರ್ ಕೂಡ ಮೂಲೆಯ ದಿನಸಿ ಅಂಗಡಿಯನ್ನು ದಾಟಿಯೇ ಬರುತ್ತದೆ. ಆ ಹುಡುಗರ ಮಟ್ಟಿಗೆ ಒಂದು ಒಳ್ಳೆಯ ಕೆಲಸ ಆಗಿದೆ. 2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರ ಕಾಯ್ದೆ ತಂದು, ಅವರಿಗೆ ಪಾವತಿಯಾಗುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕೆಂದು ವಿಧಿಸಿದೆ. ಗಾಡಿಯವನಿಗೆ ಕಾನೂನಿನಲ್ಲಿ ಒಂದು ಹೆಸರು ಸಿಕ್ಕಂತಾಯಿತು. ಅಂಗಡಿಯವನ ಮಾತನ್ನು ಕೇಳಿಸಿಕೊಳ್ಳುವ ಜಾಗ ಇನ್ನೂ ಇಲ್ಲ.

ಆದ್ದರಿಂದ ಆಗಬೇಕಾದದ್ದು ಇಷ್ಟು. ಊರಿಗೊಂದು ಬೈಪಾಸ್ ಮಾಡುವಾಗ, ಎಪಿಎಂಸಿ ಪ್ರಾಂಗಣವನ್ನು ಊರಾಚೆ ಸಾಗಿಸುವಾಗ, ಪೇಟೆಬೀದಿಯಲ್ಲಿ ಲಾರಿ ನಿಲ್ಲುವ ವೇಳೆ ಗೊತ್ತುಮಾಡುವಾಗ ಯೋಜನಾ ವರದಿಯಲ್ಲಿ ಒಂದು ಪುಟ ಸೇರಲಿ: ಈಗ ಸರಕು ಎಲ್ಲಿ ಇಳಿಯುತ್ತಿದೆ, ಮುಂದೆ ಎಲ್ಲಿ ಇಳಿಯುತ್ತದೆ, ಹೆಚ್ಚುವರಿ ಬಾಡಿಗೆಯನ್ನು ಯಾರು ಕೊಡುತ್ತಾರೆ, ಆ ಬೀದಿಯ ಎಷ್ಟು ಅಂಗಡಿಗಳಿಗೆ ಅದರ ಪೆಟ್ಟು ಬೀಳುತ್ತದೆ. ಪುರಸಭೆಯ ಸದಸ್ಯರು ಆ ಪುಟ ಓದದೆ ಸಹಿ ಹಾಕದಿರಲಿ. ವರ್ತಕರ ಸಂಘದವರು, ಹಮಾಲರು, ಗೂಡ್ಸ್ ಆಟೋದವರು ಡಾಂಬರು ಬಿದ್ದ ಮೇಲೆ ಧರಣಿ ಕೂರುವ ಬದಲು, ಕರಡು ಪ್ರಕಟವಾದ ವಾರವೇ ಆ ಪುಟವನ್ನು ಕೇಳಿ ಪಡೆಯಲಿ.